ಗುಡ್ಡದ ಹಳ್ಳಗಳು: ಇಂಜಿನಿಯರ್ ಮೇಡಂಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರದ ಪ್ರಶ್ನೋತ್ತರಕ್ಕೆ ಹಳ್ಳ, ಮೋರಿ, ಸಣ್ಣ ಸೇತುವೆಗಳ ನೀರಿನ ಲೆಕ್ಕ ನೋಡುವ ಇಂಜಿನಿಯರ್ ಮೇಡಂ ಬಂದಿದ್ದಾರೆ. ಗುಡ್ಡದ ಕಡಿದಾದ ಹಳ್ಳಗಳಲ್ಲಿ ನೀರು ಎಷ್ಟು ಜೋರಾಗಿ ಹರಿಯುತ್ತದೆ, ಅದನ್ನು ತಡೆಯುವುದು ಏನು ಅನ್ನುವುದು ವಿಷಯ. ಖಾನಾಪುರ ತಾಲೂಕಿನವರು ಬಹಳ ಜನ ಕೇಳಿದ್ದಕ್ಕೆ ಇದನ್ನು ಇಟ್ಟಿದ್ದೇವೆ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಮೆಸೇಜು ದಯವಿಟ್ಟು ಬೇಡ.

ಬೆಳಗಾವಿ ಸಿವಿಲ್ ಸ್ಟೂಡೆಂಟ್: ಮೇಡಂ, ಪ್ರಾಜೆಕ್ಟಿಗೆ ಕಣಕುಂಬಿ ಕಡೆಯ ಒಂದು ಹಳ್ಳ ತಗೊಂಡಿದ್ದೇವೆ. ಮ್ಯಾನಿಂಗ್ ಸೂತ್ರದಲ್ಲಿ ಎನ್ ಎಷ್ಟು ಹಾಕಬೇಕು? ಸೀನಿಯರ್‌ಗಳು 0.035 ಹಾಕಿದ್ದಾರೆ.

ಇಂಜಿನಿಯರ್ ಮೇಡಂ: 0.035 ಬಯಲಿನ ನದಿಗೆ ನಡೆಯುತ್ತದೆ. ನಿಮ್ಮ ಹಳ್ಳಕ್ಕೆ ನಡೆಯುವುದಿಲ್ಲ. ಬೇರೆಯವರಿಗೂ ಗೊತ್ತಾಗಲಿ ಅಂತ ಹೇಳುತ್ತೇನೆ. ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಇದು. ಆಳ, ಇಳಿಜಾರು, ತಳದ ಒರಟುತನ ಕೊಟ್ಟರೆ ವೇಗ ಹೇಳುತ್ತದೆ. ಒರಟುತನದ ಅಂಕಿಯೇ ಎನ್. ನುಣುಪಾದ ಕಾಂಕ್ರೀಟ್ ಕಾಲುವೆಗೆ 0.013ರ ಆಸುಪಾಸು. ದೊಡ್ಡ ಬಂಡೆಗಳಿರುವ ಗುಡ್ಡದ ಹಳ್ಳಕ್ಕೆ ಪಠ್ಯದ ಕೋಷ್ಟಕಗಳು 0.04ರಿಂದ 0.07 ಕೊಡುತ್ತವೆ. ಇಳಿಜಾರು ಜಾಸ್ತಿಯಿದ್ದು, ಕಲ್ಲಿನ ತಲೆ ನೀರಿನ ಮೇಲೆ ಕಾಣುವಷ್ಟು ಆಳ ಕಮ್ಮಿ ಇದ್ದರೆ 0.1 ಕೂಡ ದಾಟುತ್ತದೆ. ಅಮೆರಿಕದ ಕೊಲರಾಡೋ ಹಳ್ಳಗಳನ್ನು ಅಳೆದು ಜ್ಯಾರೆಟ್ 1984ರಲ್ಲಿ ಕೊಟ್ಟ ಸೂತ್ರದಲ್ಲಿ ನೂರಕ್ಕೆ ನಾಲ್ಕರ ಇಳಿಜಾರು, ಎರಡು ಅಡಿ ಆಳ ಹಾಕಿ ನೋಡಿ. ಎನ್ 0.10 ಬರುತ್ತದೆ. ನಿಮ್ಮದಕ್ಕೆ ಸುಮಾರು ಮೂರು ಪಟ್ಟು.

ಇಳಿಜಾರು ಎಷ್ಟು? ಕಲ್ಲು ಎಷ್ಟು ದೊಡ್ಡವು? ಅಳೆದಿದ್ದೀರಾ?

ಬೆಳಗಾವಿ ಸಿವಿಲ್ ಸ್ಟೂಡೆಂಟ್: ಇಳಿಜಾರು ಗೂಗಲ್ ಮ್ಯಾಪಿನಿಂದ ತೆಗೆದಿದ್ದೇವೆ ಮೇಡಂ. ಕಲ್ಲು ಅಳೆದಿಲ್ಲ.

ಇಂಜಿನಿಯರ್ ಮೇಡಂ: ಹಾಗಾದರೆ ಮಳೆ ಬಿಟ್ಟ ಮೇಲೆ ಹಳ್ಳಕ್ಕೆ ಇಳಿಯಿರಿ. ನೇರ ನಡೆಯುತ್ತಾ, ನೋಡದೆ ಬೆರಳು ತಗುಲಿದ ಕಲ್ಲನ್ನು ಎತ್ತಿ. ಉದ್ದವೂ ಅಲ್ಲ, ದಪ್ಪವೂ ಅಲ್ಲ, ನಡುವಿನ ಅಳತೆ ಬರೆದುಕೊಳ್ಳಿ. ಎತ್ತಲಾಗದ್ದನ್ನು ಇದ್ದಲ್ಲೇ ಅಳೆಯಿರಿ. ಹೀಗೆ ನೂರು ಕಲ್ಲು. ಚಿಕ್ಕದರಿಂದ ದೊಡ್ಡದಕ್ಕೆ ಸಾಲು ಮಾಡಿದರೆ 84ನೆಯದರ ಅಳತೆಯೇ ನಿಮ್ಮ ಡಿ-84, ಅಂದರೆ ನೂರರಲ್ಲಿ 84 ಕಲ್ಲು ಮೀರದ ಅಳತೆ. ನೀರಿನ ಆಳವನ್ನು ಅದರಿಂದ ಭಾಗಿಸಿ. ಆ ಭಾಗಲಬ್ಧ ನಾಲ್ಕಕ್ಕಿಂತ ಕಮ್ಮಿ ಇದ್ದರೆ ಒಂದೇ ಎನ್ ಹಿಡಿದು ಕೂರುವುದನ್ನು ಬಿಡಿ. ಆಳ ಬದಲಾದಂತೆ ಎನ್ ಬದಲಾಗುತ್ತದೆ.

ಗೋಕಾಕದವ: ಮೇಡಂ, ನಮ್ಮ ಗೋಕಾಕ ಫಾಲ್ಸಿನಲ್ಲಿ ನೀರಿನ ವೇಗ ಎಷ್ಟು?

ಇಂಜಿನಿಯರ್ ಮೇಡಂ: 52 ಮೀಟರ್ ಬೀಳುತ್ತದೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಬುಡದಲ್ಲಿ ಸೆಕೆಂಡಿಗೆ 32 ಮೀಟರ್. ನಿಜವಾಗಿ ಅದಕ್ಕಿಂತ ಕಮ್ಮಿ. ಆದರೆ ಅದು ಬೀಳುವ ನೀರು, ಇವತ್ತಿನ ಮಾತು ಹರಿಯುವ ನೀರಿನದು.

ಜಾಂಬೋಟಿ ತೋಟದವರು: ಮೇಡಂ ರೀ, ನಮ್ಮ ತೋಟದ ಹಿಂದೆ ಒಂದು ಹಳ್ಳ ಇದೆ. ಪ್ರತಿ ಮಳೆಗಾಲ ಉಕ್ಕಿ ಗದ್ದೆಗೆ ನೀರು ಬರುತ್ತಿತ್ತು. ಹೋದ ಬೇಸಿಗೆಯಲ್ಲಿ ಜೆಸಿಬಿ ಹಚ್ಚಿ ಹಳ್ಳದಲ್ಲಿದ್ದ ದೊಡ್ಡ ಕಲ್ಲೆಲ್ಲಾ ತೆಗೆಸಿದೆವು. ಸುಮಾರು 600 ಅಡಿ ಉದ್ದ. ನೆಟ್ಟಗೆ, ಚೊಕ್ಕ ಆಯಿತು. ಈ ಸಲ ಗದ್ದೆಗೆ ನೀರು ಬಂದಿಲ್ಲ, ಅದು ಖರೆ. ಆದರೆ ಹಳ್ಳದ ತಳ ಮೊಣಕಾಲುದ್ದ ಕೆಳಗೆ ಹೋಗಿದೆ. ದಂಡೆಯ ಹೊಂಗೆ ಮರದ ಬೇರು ಗಾಳಿಯಲ್ಲಿ ತೂಗುತ್ತಿದೆ. ರಾತ್ರಿ ಕಲ್ಲು ಉರುಳುವ ಸಪ್ಪಳ ಮನೆಯೊಳಗೆ ಕೇಳುತ್ತದೆ. ಕೆಳಗೆ ಊರಿನ ಮೋರಿ ಇದೆ, ಅದರ ಮುಂದಿನ ಕಾಂಕ್ರೀಟ್ ಹಾಸು ಒಂದು ಮೂಲೆ ಮುರಿದಿದೆ. ಏನು ಮಾಡಬೇಕು?

ಇಂಜಿನಿಯರ್ ಮೇಡಂ: ಅಣ್ಣಾರೆ, ನಿಮ್ಮದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಅದಕ್ಕೂ ಮೊದಲು ನಾಲ್ಕು ವಿಷಯ ಬೇಕು. ತೆಗೆಯುವ ಮುಂಚೆ ಕಲ್ಲುಗಳು ಎಷ್ಟು ದೊಡ್ಡವಿದ್ದವು? ಅಡ್ಡಸಾಲಾಗಿ ಮೆಟ್ಟಿಲಿನಂತೆ ಇದ್ದವೋ, ಎಲ್ಲೆಂದರಲ್ಲಿ ಬಿದ್ದಿದ್ದವೋ? ಹಳ್ಳದ ಅಗಲ ಎಷ್ಟು? ಇಳಿಜಾರು ಎಷ್ಟು? ಗೌಂಡಿಯ ಹತ್ತಿರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತದೆ. ಅದನ್ನು ದಂಡೆಯ ಮೇಲೆ ಹಿಡಿದು ನೋಡಿ. ಮೋರಿಯ ಹಾಸಿನ ಕೆಳಗೆ ಸಬ್ಬಲ್ ಒಳಗೆ ಹೋಗುತ್ತದಾ ಅಂತಲೂ ನೋಡಿ, ನೀರು ಇಳಿದಾಗ ಮಾತ್ರ, ಒಬ್ಬರೇ ಹೋಗಬೇಡಿ.

ವೀಕೆಂಡ್ ಟ್ರೆಕ್ಕರ್: ಮೇಡಂ, ಚೋರ್ಲಾ ಕಡೆ ಹೋಗುತ್ತಿದ್ದೇವೆ. ಮೊಣಕಾಲುದ್ದ ನೀರಿದ್ದರೆ ಹಳ್ಳ ದಾಟಬಹುದಲ್ವಾ? ಹತ್ತು ಜನ ಕೈ ಕೈ ಹಿಡಿದು ಸರಪಳಿ ಮಾಡಿದರೆ ಏನೂ ಆಗಲ್ಲ ಅಂತ ಒಂದು ಮೆಸೇಜ್ ಬಂದಿದೆ.

ಇಂಜಿನಿಯರ್ ಮೇಡಂ: ದಾಟಬೇಡಿ. ಆ ಮೆಸೇಜನ್ನು ಅಳಿಸಿ. ಸೆಳವಿನ ವೇಗ ಎರಡು ಪಟ್ಟಾದರೆ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕಾಲ ಕೆಳಗಿನ ಕಲ್ಲೇ ಉರುಳುತ್ತಿರುತ್ತದೆ. ಸರಪಳಿಯಲ್ಲಿ ಒಬ್ಬರು ಜಾರಿದರೆ ಪಕ್ಕದವರನ್ನೂ ಎಳೆಯುತ್ತಾರೆ.

ಖಾನಾಪುರ ಹೋಮ್‌ಸ್ಟೇ: ನಮ್ಮ ಗೆಸ್ಟುಗಳು ದಿನಾ ದಾಟುತ್ತಾರೆ. ಹೆದರಿಸುವುದು ಬೇಡ ಮೇಡಂ. ಲೋಕಲ್‌ನವರಿಗೆ ಹಳ್ಳ ಗೊತ್ತಿರುತ್ತದೆ.

ಇಂಜಿನಿಯರ್ ಮೇಡಂ: ಲೋಕಲ್‌ನವರು ನಿನ್ನೆಯ ಹಳ್ಳ ನೋಡಿರುತ್ತಾರೆ. ನೀರು ಕಮ್ಮಿ ಇದ್ದಾಗ ಬಂಡೆಗಳೇ ಅದನ್ನು ಹಿಡಿದು ನಿಲ್ಲಿಸುತ್ತವೆ, ಅದಕ್ಕೇ ಹಳ್ಳ ಸಾಧುವಾಗಿ ಕಾಣುತ್ತದೆ. ಮೇಲೆ ಮಳೆ ಬಿದ್ದು ಬಂಡೆ ಮುಳುಗಿದರೆ ಆ ಹಿಡಿತ ಸಡಿಲಾಗುತ್ತದೆ. ನೂರಕ್ಕೆ ನಾಲ್ಕರ ಇಳಿಜಾರು, ಎರಡು ಅಡಿಯ ಕಲ್ಲುಗಳು ಇದ್ದಲ್ಲಿ ಎರಡು ಅಡಿ ನೀರು ಸೆಕೆಂಡಿಗೆ 1.1 ಮೀಟರ್ ಹೋಗುತ್ತದೆ. ಐದು ಅಡಿಗೆ ಏರಿದರೆ 3.7 ಮೀಟರ್. ಆಳ ಎರಡೂವರೆ ಪಟ್ಟು, ವೇಗ ಮೂರು ಪಟ್ಟು ಮೀರಿ, ಹರಿಯುವ ನೀರು ಎಂಟು ಪಟ್ಟು. ಸ್ಟೂಡೆಂಟ್, ನೀವೂ ಇದನ್ನು ಗಮನಿಸಿ. ಎನ್ ಬದಲಾಯಿಸದೆ ಲೆಕ್ಕ ಹಾಕಿದರೆ ವೇಗ 1.8 ಪಟ್ಟು ಅಂತಷ್ಟೇ ಬರುತ್ತದೆ. ನಿಮ್ಮ 0.035 ಹಾಕಿದರೆ ಐದು ಅಡಿಗೆ ಸೆಕೆಂಡಿಗೆ 7.6 ಮೀಟರ್ ಬರುತ್ತದೆ, ಫ್ರೂಡ್ ಸಂಖ್ಯೆ 2ರ ಹತ್ತಿರ. ನೀರಿನ ವೇಗ ಅಷ್ಟು ಆಳದ ನೀರಿನಲ್ಲಿ ಅಲೆ ಸಾಗುವ ವೇಗದ ಎಷ್ಟು ಪಟ್ಟು ಅನ್ನುವುದೇ ಫ್ರೂಡ್ ಸಂಖ್ಯೆ. ಕಲ್ಲುತಳದ ಹಳ್ಳ ಅಷ್ಟು ವೇಗದಲ್ಲಿ ಬಹಳ ದೂರ ಓಡುವುದಿಲ್ಲ. ಫ್ರೂಡ್ 1ರ ಆಸುಪಾಸು ಬಂದಾಗ ಅಲೆ ಎದ್ದು, ಮುರಿದು, ನೀರು ತನ್ನ ಶಕ್ತಿಯನ್ನು ತಾನೇ ಕಳೆದುಕೊಳ್ಳುತ್ತದೆ.

ಬಾದಾಮಿ ಟೀಚರ್: ಮೇಡಂ, ಮಳೆ ಬಂದಾಗ ನಮ್ಮ ಬಾದಾಮಿಯ ಬಂಡೆಗಳಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ನಿಂತೇ ಹೋಗುತ್ತದೆ. ಮರಳುಗಲ್ಲಿಗೂ ಖಾನಾಪುರದ ಕಾಡಿನ ಮಣ್ಣಿಗೂ ಇರುವ ವ್ಯತ್ಯಾಸವಾ ಇದು? ಮಕ್ಕಳು ಕೇಳಿದರು.

ಫಾರ್ವರ್ಡ್ ಕಾಕಾ: *ಹಳ್ಳದ ಪ್ರವಾಹಕ್ಕೆ ಸುಲಭ ಉಪಾಯ. ಹಳ್ಳದ ಕಲ್ಲುಗಳನ್ನೆಲ್ಲಾ ತೆಗೆಯಿರಿ. ತಳ ಸಪಾಟು ಮಾಡಿ ಕಾಂಕ್ರೀಟ್ ಹಾಕಿ. ನೀರು ನಿಲ್ಲದೆ ಸರಾಗವಾಗಿ ಹೋಗುತ್ತದೆ. ನಡುವೆ ಲಾವಂಚದ ಸಸಿ ನೆಡಿ. ಹತ್ತು ರೈತರಿಗೆ ಕಳಿಸಿ.*

ಇಂಜಿನಿಯರ್ ಮೇಡಂ: ಇದನ್ನು ಯಾರಿಗೂ ಕಳಿಸಬೇಡಿ. ಮೇಲೆ ಒಬ್ಬರು ಇದನ್ನೇ ಮಾಡಿಸಿ ಮೋರಿಯ ಚಿಂತೆಯಲ್ಲಿ ಕೂತಿದ್ದಾರೆ. ಲಾವಂಚ ದಂಡೆಯ ಮಣ್ಣಿಗೆ ಒಳ್ಳೆಯದು. ಬಂಡೆ ಉರುಳುವ ಹಳ್ಳದ ನಡುವೆ ಒಂದು ಮಳೆಗಾಲ ನಿಲ್ಲುವುದಿಲ್ಲ.

ಜಾಂಬೋಟಿ ತೋಟದವರು: ಮೇಡಂ ರೀ, ಅಳೆದೆವು. 100 ಅಡಿಗೆ 4 ಅಡಿ ಇಳಿಜಾರು. ಅಗಲ 12 ಅಡಿ. ದೊಡ್ಡ ಕಲ್ಲು ಎರಡು ಅಡಿಯವು, ಕೆಲವು ಮೂರು ಅಡಿ. ಹೌದು, ಅಡ್ಡಸಾಲಾಗಿಯೇ ಇದ್ದವು. ಒಂದು ಸಾಲು, ಕೆಳಗೆ ಒಂದು ಮಡು, ಮತ್ತೆ ಒಂದು ಸಾಲು. ಮಡುವಿನಲ್ಲಿ ಹುಡುಗರು ಈಜುತ್ತಿದ್ದರು. ಈಗ ತಳದಲ್ಲಿ ಮುಷ್ಟಿ ಗಾತ್ರದ ಕಲ್ಲಷ್ಟೇ. ಸಬ್ಬಲ್ ಹಾಸಿನ ಕೆಳಗೆ ಮೂರು ಅಡಿ ಒಳಗೆ ಹೋಯಿತು.

ಇಂಜಿನಿಯರ್ ಮೇಡಂ: ಮೂರು ಅಡಿ ಹೋಯಿತು ಅಂದರೆ ಮೋರಿಯ ಮುಂದೆ ಪೊಳ್ಳಾಗಿದೆ. ಇವತ್ತೇ ಟ್ರ್ಯಾಕ್ಟರ್ ಮತ್ತು ಲಾರಿ ನಿಲ್ಲಿಸಿ. ಎರಡೂ ಕಡೆ ಡ್ರಮ್ಮೋ ಕಲ್ಲೋ ಇಟ್ಟು ಅಡ್ಡ ಹಾಕಿ. ಪಂಚಾಯಿತಿಗೆ ಬಾಯಲ್ಲಿ ಹೇಳಬೇಡಿ, ಫೋಟೋ ಹಚ್ಚಿ ಬರೆದು ಕೊಡಿ.

ಈಗ ಹಳ್ಳದ ವಿಷಯ. ನೀವು ತೆಗೆಸಿದ್ದು ಬರೀ ಕಲ್ಲಲ್ಲ. ನೀರು ಗುಡ್ಡದಿಂದ ಇಳಿಯುವಾಗ ಎತ್ತರದ ಶಕ್ತಿಯನ್ನು ಎಲ್ಲಾದರೂ ಕಳೆಯಲೇಬೇಕು. ಕಡಿದಾದ ಹಳ್ಳದಲ್ಲಿ ಅದು ಮೂರು ರೀತಿ ಕಳೆಯುತ್ತದೆ. ಕಲ್ಲಿನ ಮೈಗೆ ಉಜ್ಜಿ ಸ್ವಲ್ಪ. ಬಂಡೆಗೆ ಗುದ್ದಿ, ಸುತ್ತಿ, ಅದರ ಹಿಂದೆ ಸುಳಿಯಾಗಿ ಇನ್ನೂ ಜಾಸ್ತಿ. ಮೆಟ್ಟಿಲಿನಿಂದ ಮಡುವಿಗೆ ಬಿದ್ದು, ನೊರೆ ಎದ್ದು, ಕಲಕಿ ಕಳೆಯುವುದೇ ಮೆಟ್ಟಿಲು-ಮಡು ಹಳ್ಳದಲ್ಲಿ ಬಹುಪಾಲು. ಹುಡುಗರು ಈಜುತ್ತಿದ್ದ ಮಡುಗಳು ಹಳ್ಳದ ಬ್ರೇಕು. 600 ಅಡಿಗೆ 24 ಅಡಿ ಇಳಿಯುವ ನೀರು ಅಷ್ಟು ಇಳಿತವನ್ನು ಮೊದಲು ಮೆಟ್ಟಿಲು ಮೆಟ್ಟಿಲಾಗಿ ಕಳೆಯುತ್ತಿತ್ತು. ಈಗ ತಳ ಕೆರೆದು ಕಳೆಯುತ್ತಿದೆ. ನಿಮಗೆ ರಾತ್ರಿ ಕೇಳುವ ಸಪ್ಪಳ ಅದೇ.

ಲೆಕ್ಕ ಹೇಳುತ್ತೇನೆ. 2007ರಲ್ಲಿ ಫರ್ಗುಸನ್ ಕೊಟ್ಟ ಸೂತ್ರದಿಂದ, ಒರಟು ಅಂದಾಜು. ಮೊದಲು ಎರಡು ಅಡಿ ಆಳದಲ್ಲಿ ಸೆಕೆಂಡಿಗೆ 1.1 ಮೀಟರ್ ಹೋಗುತ್ತಿದ್ದ ಅಷ್ಟೇ ನೀರು ಈಗ ಒಂದು ಅಡಿ ಚಿಲ್ಲರೆ ಆಳದಲ್ಲಿ 2.1 ಮೀಟರಿನಂತೆ ಹೋಗುತ್ತದೆ. ಆಳ ಕಮ್ಮಿಯಾಯಿತು, ಅದಕ್ಕೇ ನಿಮ್ಮ ಗದ್ದೆ ಉಳಿಯಿತು. ವೇಗ ಹೆಚ್ಚುಕಮ್ಮಿ ಎರಡು ಪಟ್ಟಾಯಿತು, ಅದಕ್ಕೇ ಮೋರಿ ಹಾಳಾಯಿತು. ಮಾಮೂಲಿ ನೀರಿಗೇ ಇಷ್ಟು. ದೊಡ್ಡ ಮಳೆ ಬಂದ ದಿನ ಇನ್ನೂ ಜಾಸ್ತಿ.

ಇನ್ನೊಂದು ಮಾತು. ಆ ಸಾಲುಗಳು ಒಂದೇ ವರ್ಷದಲ್ಲಿ ಆದವಲ್ಲ. ಬಹಳ ದೊಡ್ಡ ನೀರು ಬಂದಾಗಷ್ಟೇ ಅಂಥ ಕಲ್ಲು ಸರಿಯುತ್ತವೆ. ಸರಿದು, ಒಂದಕ್ಕೊಂದು ಹೆಗಲು ಕೊಟ್ಟು ಸಿಕ್ಕಿಕೊಳ್ಳುತ್ತವೆ. ಅಂಥ ಸಾಲು ಸಣ್ಣ ನೆರೆಗೆ ಅಲುಗುವುದಿಲ್ಲ. ಸುಮ್ನೆ ವಾಪಸ್ ಗುಡ್ಡೆ ಹಾಕಿದರೆ ಆ ಗಟ್ಟಿತನ ಬರುವುದಿಲ್ಲ. ಹೇಗೆ ಕೂಡಿಸಬೇಕು ಅಂತ ಆಮೇಲೆ ಬರೆಯುತ್ತೇನೆ. ಮೊದಲು ಮೋರಿ ನೋಡಿ.

ಜೆಸಿಬಿ ಮಾಲೀಕ, ಖಾನಾಪುರ: ಮೇಡಂ, ನಾವು ಇಂಥ ಕೆಲಸ ವರ್ಷಾ ಮಾಡುತ್ತೇವೆ. ಕಲ್ಲು ತೆಗೆದರೆ ನೀರು ಇಳಿಯುತ್ತದೆ ಅಂತ ನೀವೇ ಬರೆದಿರಿ. ಮತ್ತೆ ತಪ್ಪು ನಮ್ಮದು ಹೇಗೆ?

ಕೆಳಗಿನ ಗದ್ದೆಯವ: ನೀರು ಇಳಿಯುವುದು ಅವರ ಗದ್ದೆಯಲ್ಲಿ. ಕಲ್ಲು ಬಂದು ಬೀಳುವುದು ನಮ್ಮ ಗದ್ದೆಯಲ್ಲಿ. ಮೋರಿಯ ಆಚೆ ಇಳಿಜಾರು ಕಮ್ಮಿಯಾಗುವಲ್ಲಿ ನಮ್ಮ ಭತ್ತ ಇದೆ. ನಾಟಿ ಮಾಡಿದ ಮೇಲೆ ಅರ್ಧ ಎಕರೆಗೆ ಗರಸು ಕೂತಿದೆ. ಜಾಂಬೋಟಿ ಕಾಕಾ, ಬೇಸಿಗೆಯಲ್ಲಿ ಒಂದು ಮಾತು ಕೇಳಬಹುದಿತ್ತು.

ಜಾಂಬೋಟಿ ತೋಟದವರು: ತಮ್ಮಾ, ಮೂರು ವರ್ಷ ನಮ್ಮ ಭತ್ತ ನೀರಲ್ಲಿ ನಿಂತಿತ್ತು. ಆಗ ನೀನು ಕೇಳಿದೆಯಾ?

ಕೆಳಗಿನ ಗದ್ದೆಯವ: ನೀರು ನಿಂತರೆ ಇಳಿಯುತ್ತದೆ ಕಾಕಾ. ಗರಸು ಕೂತರೆ ಗದ್ದೆಯೇ ಹೋಯಿತು.

ಜೆಸಿಬಿ ಮಾಲೀಕ, ಖಾನಾಪುರ: ಇಬ್ಬರೂ ಮನೆಯಲ್ಲಿ ಕೂತು ಮಾತಾಡಿ. ಇಲ್ಲಿ ನಮ್ಮ ಧಂದೆಯ ಹೆಸರು ಕೆಡಿಸಬೇಡಿ.

ಇಂಜಿನಿಯರ್ ಮೇಡಂ: ಮಾಲೀಕರೆ, ನೀರು ಆ 600 ಅಡಿಯಲ್ಲಿ ಇಳಿಯಿತು. ಶಕ್ತಿ ಎಲ್ಲೂ ಹೋಗಲಿಲ್ಲ, ಕೆಳಗಿನವರಿಗೆ ಹೋಯಿತು. ಕಡಿದಾದಲ್ಲಿ ಎದ್ದ ಕಲ್ಲು ಸಪಾಟಾದಲ್ಲಿ ಬೀಳುತ್ತದೆ. ಕೆಳಗಿನ ಗದ್ದೆಯವರು ಹೇಳುತ್ತಿರುವುದು ಸರಿ.

ನೀರು ನಮ್ಮ ಹಕ್ಕು: ಈ ಸಣ್ಣ ಹಳ್ಳದ ಮಾತು ಸಾಕು. ಅದೇ ಖಾನಾಪುರದ ಕಳಸಾ, ಬಂಡೂರಿ ಬಗ್ಗೆ ಮಾತಾಡಿ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ 3.9 ಟಿಎಂಸಿ ಮಲಪ್ರಭೆಗೆ ಕೊಟ್ಟಿತು. ಇವತ್ತಿಗೂ ಹನಿ ನೀರು ಬಂದಿಲ್ಲ. ಬಂಡೆ ನೀರು ತಡೆಯುತ್ತದೆ ಅಂತೀರಿ, ಹಾಗಾದರೆ ಕಲ್ಲು ತೆಗೆದರೆ ನೀರು ಜಾಸ್ತಿ ಬರಲ್ವಾ?

ಕಾಡು ಉಳಿಸಿ: ಭೀಮಗಡದ ಕಾಡಿನಲ್ಲಿ ಕಲ್ಲು ತೆಗೆಯಬೇಕಾ? ಮಲಪ್ರಭೆ ಹುಟ್ಟುವುದೂ ಅಲ್ಲೇ ಪಕ್ಕದ ಕಣಕುಂಬಿಯಲ್ಲಿ. ಕಾಡು ಹೋದರೆ ಯಾವ ಟಿಎಂಸಿ?

ನೀರು ನಮ್ಮ ಹಕ್ಕು: ನವಲಗುಂದ, ನರಗುಂದದವರ ಮುಂದೆ ಬಂದು ಈ ಮಾತು ಹೇಳಿ.

ಕಾಡು ಉಳಿಸಿ: ಹೇಳುತ್ತೇನೆ. ಕುಡಿಯುವ ನೀರು ಬೇಡ ಅಂತ ನಾನು ಎಲ್ಲಿ ಹೇಳಿದೆ?

ನೀರು ನಮ್ಮ ಹಕ್ಕು: ಎಸಿ ರೂಮಿನಲ್ಲಿ ಕೂತವರ ಮಾತು ಇದು.

ಇಂಜಿನಿಯರ್ ಮೇಡಂ: ಪ್ರಶ್ನೆಯಲ್ಲಿದ್ದ ಒಂದು ತಪ್ಪಿಗಷ್ಟೇ ಉತ್ತರ. ಬಂಡೆ ನೀರನ್ನು ನಿಧಾನ ಮಾಡುತ್ತದೆ, ತಿನ್ನುವುದಿಲ್ಲ. ಕಲ್ಲು ತೆಗೆದರೆ ಅಷ್ಟೇ ನೀರು ಬೇಗ ಬರುತ್ತದೆ, ಜಾಸ್ತಿ ಬರುವುದಿಲ್ಲ. ಟಿಎಂಸಿ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಅಡ್ಮಿನ್: ಮಹದಾಯಿ ಚರ್ಚೆ ಇಲ್ಲಿ ಬೇಡ. ಇನ್ನೊಮ್ಮೆ ಬಂದರೆ ಡಿಲೀಟ್.

ವಿಜಯಪುರ ರೈತ: ಮೇಡಂ, ನಮ್ಮ ಡೋಣಿ ನದಿಯಲ್ಲಿ ಹೂಳು ತುಂಬಿ ಪ್ರತಿ ಸಲ ಹೊಲಕ್ಕೆ ನುಗ್ಗುತ್ತದೆ. ನಾವೂ ಹೂಳು ತೆಗೆಸಬಾರದಾ?

ಇಂಜಿನಿಯರ್ ಮೇಡಂ: ಡೋಣಿ ಬಯಲಿನ ನದಿ, ಇಳಿಜಾರು ಬಹಳ ಕಮ್ಮಿ, ಕಪ್ಪು ಮಣ್ಣಿನ ಹೂಳು. ಇಲ್ಲಿ ಬರೆದ ಬಂಡೆಯ ಮಾತು ಅಲ್ಲಿಗೆ ಹೊಂದುವುದಿಲ್ಲ. ಅದನ್ನು ಬೇರೆ ದಿನ ತಗೊಳ್ಳೋಣ.

ವಿಜಯಪುರ ರೈತ: ನಮ್ಮದು ಯಾವಾಗಲೂ ಬೇರೆ ದಿನವೇ.

ಬೆಳಗಾವಿ ಸಿವಿಲ್ ಸ್ಟೂಡೆಂಟ್: ಮೇಡಂ, ಹಾಗಾದರೆ ಇಂಥ ಹಳ್ಳದಲ್ಲಿ ನೀರು ಅಳೆಯುವುದು ಹೇಗೆ? ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಕಲ್ಲಿನ ನಡುವೆ ನಿಲ್ಲಲ್ಲ.

ಇಂಜಿನಿಯರ್ ಮೇಡಂ: ಒಳ್ಳೆಯ ಪ್ರಶ್ನೆ. ಅಡುಗೆ ಉಪ್ಪಿನಿಂದ ಅಳೆಯಿರಿ. ತೂಕ ಮಾಡಿದ ಉಪ್ಪನ್ನು ಬಕೆಟಿನಲ್ಲಿ ಪೂರ್ತಿ ಕರಗಿಸಿ, ಮೇಲುಗಡೆ ಒಂದೇ ಸಲಕ್ಕೆ ಸುರಿಯಿರಿ. ನೀರಿಗೆ ಉಪ್ಪು ಬಿದ್ದರೆ ಅದರ ವಿದ್ಯುತ್ ವಾಹಕತೆ ಏರುತ್ತದೆ. ಕೆಳಗೆ, ಉಪ್ಪು ಪೂರ್ತಿ ಬೆರೆತ ಜಾಗದಲ್ಲಿ ಕಂಡಕ್ಟಿವಿಟಿ ಮೀಟರ್ ಹಿಡಿದು ಐದೈದು ಸೆಕೆಂಡಿಗೆ ಬರೆದುಕೊಳ್ಳಿ. ಅದೇ ಹಳ್ಳದ ನೀರಿಗೆ ಗೊತ್ತಿರುವಷ್ಟು ಉಪ್ಪು ಹಾಕಿ ಮೀಟರಿನ ಅಂಕಿಗೂ ಉಪ್ಪಿಗೂ ಇರುವ ಸಂಬಂಧ ಮೊದಲೇ ತಿಳಿದಿರಬೇಕು. ಬರೆದುಕೊಂಡ ಅಂಕಿಗಳನ್ನು ಗ್ರಾಫಿನಲ್ಲಿ ಹಾಕಿದರೆ ಗೆರೆ ಏರಿ ಇಳಿಯುತ್ತದೆ. ಆ ಗೆರೆಯ ಕೆಳಗಿನ ಜಾಗದಿಂದ ನೀರಿನ ಪ್ರಮಾಣ ಸಿಗುತ್ತದೆ. ನೀರು ಎಷ್ಟು ಕಲಕಿದರೆ ಅಷ್ಟು ಚೆನ್ನಾಗಿ ಬೆರೆಯುತ್ತದೆ, ಅದಕ್ಕೇ ಈ ವಿಧಾನ ಗುಡ್ಡದ ಹಳ್ಳಕ್ಕೆ ಬಹಳ ಹೊಂದುತ್ತದೆ. ಚೆಂಡು ತೇಲಿಬಿಟ್ಟು ಅಳೆದರೆ ಮೇಲ್ಮೈ ವೇಗ ಮಾತ್ರ ಸಿಗುತ್ತದೆ. ನಯವಾದ ಕಾಲುವೆಯಲ್ಲಿ ಅದನ್ನು 0.85ರಿಂದ ಗುಣಿಸುತ್ತಾರೆ, ಕಲ್ಲಿನ ಹಳ್ಳದಲ್ಲಿ ಅದಕ್ಕಿಂತ ಕಮ್ಮಿ ಅಂಕಿ ಬೇಕು.

ಫಾರ್ವರ್ಡ್ ಕಾಕಾ: ಮೇಡಂ ಹೇಳಿದ ಹಾಗೆ ಹಳ್ಳಕ್ಕೆ ಉಪ್ಪು ಹಾಕಿದರೆ ನೀರು ಸರಾಗ ಹರಿಯುತ್ತದೆ. ಬೇರೆ ಗ್ರೂಪಿಗೂ ಕಳಿಸಿದ್ದೇನೆ.

ಇಂಜಿನಿಯರ್ ಮೇಡಂ: ನಾನು ಹಾಗೆ ಹೇಳಿಲ್ಲ. ಉಪ್ಪು ಅಳೆಯುವುದಕ್ಕೆ. ಕಳಿಸಿದ ಕಡೆಯೆಲ್ಲಾ ದಯವಿಟ್ಟು ಈಗಲೇ ವಾಪಸ್ ತಗೊಳ್ಳಿ. ಯಾರಾದರೂ ಚೀಲಗಟ್ಟಲೆ ಉಪ್ಪು ಸುರಿದು ಮೀನು, ಗದ್ದೆ ಹಾಳು ಮಾಡಿದರೆ ನನ್ನ ಹೆಸರು ಹೇಳುತ್ತಾರೆ.

ಇನ್ನೊಬ್ಬ ಟ್ರೆಕ್ಕರ್: ಹಗ್ಗ ಕಟ್ಟಿ ದಾಟಬಹುದಾ ಮೇಡಂ?

ಇಂಜಿನಿಯರ್ ಮೇಡಂ: ಮೇಲೆ ಓದಿ.

ವೀಕೆಂಡ್ ಟ್ರೆಕ್ಕರ್: ಹಗ್ಗ ಬೇರೆ, ಕೈ ಬೇರೆ ಅಲ್ವಾ ಮೇಡಂ?

ಇಂಜಿನಿಯರ್ ಮೇಡಂ: ಬೇಡ.

ಖಾನಾಪುರ ಹೋಮ್‌ಸ್ಟೇ: ಹೀಗೆ ಒಂದೇ ಶಬ್ದದಲ್ಲಿ ಉತ್ತರ ಕೊಡುವುದಾದರೆ ಪ್ರಶ್ನೋತ್ತರ ಯಾಕೆ?

ಕೆಳಗಿನ ಗದ್ದೆಯವ: ನಿಮ್ಮ ಗೆಸ್ಟು ಕೊಚ್ಚಿಕೊಂಡು ಬಂದರೆ ನಮ್ಮ ಗದ್ದೆಗೇ ಬರುವುದು. ಅವರು ಹೇಳಿದ್ದನ್ನು ಕೇಳಿ.

ಪಂಚಾಯಿತಿ ಸದಸ್ಯ: ಮೋರಿಯ ಮುಂದೆ ತಂತಿ ಬುಟ್ಟಿ, ಅಂದರೆ ಗೇಬಿಯನ್ ಇಟ್ಟರೆ ಸಾಕಲ್ವಾ ಮೇಡಂ? ಖರ್ಚು ಕಮ್ಮಿ.

ಇಂಜಿನಿಯರ್ ಮೇಡಂ: ಮಣ್ಣಿನ ದಂಡೆಗೆ ಸರಿ. ಕಲ್ಲು ಉರುಳುವ ತಳದಲ್ಲಿ ಬೇಡ. ಕಲ್ಲು ಬಡಿದು ಬಡಿದು ತಂತಿ ಕಡಿಯುತ್ತದೆ. ತಂತಿ ಕಡಿದರೆ ಒಳಗಿನ ಸಣ್ಣ ಕಲ್ಲೆಲ್ಲಾ ಒಮ್ಮೆಗೇ ಹೋಗುತ್ತದೆ. ಮೋರಿಯ ಹಾಸಿನ ತುದಿಗೆ ಆಳದ ಅಡ್ಡಗೋಡೆ ಬೇಕು, ಅದರ ಮುಂದೆ ದೊಡ್ಡ ಕಲ್ಲಿನ ಪಿಚಿಂಗ್, ಅಂದರೆ ಕಲ್ಲು ಜೋಡಿಸಿದ ಹಾಸು. ಈಗ ಹಾಸಿನ ಕೆಳಗೆ ಮಣ್ಣು ತುಂಬಿ ಮೇಲೆ ಸಿಮೆಂಟ್ ಬಳಿದು ಬಿಲ್ ಮಾಡಬೇಡಿ. ಮುಂದಿನ ಮಳೆಗೆ ಹೋಗುತ್ತದೆ.

ಪಂಚಾಯಿತಿ ಸದಸ್ಯ: ಬಿಲ್ ಮಾತು ಯಾರೂ ಎತ್ತಿರಲಿಲ್ಲ ಮೇಡಂ. ಮರ್ಯಾದೆ ಇರಲಿ.

ಇಂಜಿನಿಯರ್ ಮೇಡಂ: ಮೋರಿಯ ಮೇಲೆ ಶಾಲೆಯ ಮಕ್ಕಳು ನಡೆಯುತ್ತಾರಾ ಇಲ್ವಾ, ಅದನ್ನು ಹೇಳಿ.

ಜಾಂಬೋಟಿ ತೋಟದವರು: ನಡೆಯುತ್ತಾರೆ ರೀ. ಇವತ್ತು ಎರಡೂ ಕಡೆ ಡ್ರಮ್ ಇಟ್ಟೆವು. ಮಕ್ಕಳನ್ನು ಮೇಲಿನ ದಾರಿಯಿಂದ ಕಳಿಸುತ್ತಿದ್ದೇವೆ. ಅರ್ಜಿಯನ್ನೂ ಕೊಟ್ಟೆ. ಕಲ್ಲು ವಾಪಸ್ ಕೂಡಿಸುವುದು ಹೇಗೆ ಅಂತ ಹೇಳುತ್ತೇನೆ ಅಂದಿದ್ದಿರಿ.

ಇಂಜಿನಿಯರ್ ಮೇಡಂ: ಒಳ್ಳೆಯದು ಅಣ್ಣಾರೆ. ಮಳೆಗಾಲದಲ್ಲಿ ಹಳ್ಳಕ್ಕೆ ಯಂತ್ರ ಇಳಿಸಬೇಡಿ. ಈಗ ಮಾಡಬೇಕಾದದ್ದು ಒಂದೇ. ಪ್ರತಿ ದೊಡ್ಡ ಮಳೆಯ ಮರುದಿನ ದಂಡೆಯ ಮರಕ್ಕೆ ಕಸ, ಕೆಸರು ಅಂಟಿದ ಎತ್ತರಕ್ಕೆ ಬಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ.

ನೀರು ಇಳಿದ ಮೇಲೆ, ಸಂಬಂಧಪಟ್ಟವರ ಪರವಾನಗಿ ತಗೊಂಡು, ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡಿ. ಹಳ್ಳದ ಅಗಲದ ಎರಡು ಪಟ್ಟು ದೂರಕ್ಕೆ, ಅಂದರೆ 24 ಅಡಿಗೆ ಒಂದು ಸಾಲು. ಅಷ್ಟು ದೂರದಲ್ಲಿ ಹಳ್ಳ ಸುಮಾರು ಒಂದು ಅಡಿ ಇಳಿಯುತ್ತದೆ. ಮೆಟ್ಟಿಲಿನ ಎತ್ತರ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ಒಂದೂವರೆ ಅಡಿ. ಪ್ರಯೋಗಾಲಯದ ಕಾಲುವೆಯಲ್ಲೂ ಹೊರಗಿನ ಹಳ್ಳಗಳಲ್ಲೂ ನೋಡಿ 1995ರಲ್ಲಿ ಏಬ್ರಹಾಮ್ಸ್ ಮತ್ತು ಜೊತೆಯವರು ಹೇಳಿದ್ದು ಇದನ್ನೇ. ಮೆಟ್ಟಿಲಿನ ಎತ್ತರವನ್ನು ಸಾಲುಗಳ ದೂರದಿಂದ ಭಾಗಿಸಿದರೆ ಬರುವುದು ಹಳ್ಳದ ಇಳಿಜಾರಿನ ಒಂದರಿಂದ ಎರಡು ಪಟ್ಟು ಇದ್ದರೆ ತಡೆ ಅತಿ ಜಾಸ್ತಿ. ನಿಮ್ಮದು ಒಂದೂವರೆ ಪಟ್ಟು ಆಗುತ್ತದೆ. ಬುಡದ ಕಲ್ಲನ್ನು ತಳದೊಳಗೆ ಹೂಳಿ, ಅದರ ಮೇಲೆ ದೊಡ್ಡದು ಕೂಡಿಸಿ. ಸಾಲು ನೀರು ಬರುವ ಕಡೆಗೆ ಬಿಲ್ಲಿನಂತೆ ಬಾಗಿರಲಿ, ಎರಡೂ ತುದಿ ದಂಡೆಯೊಳಗೆ ಹೋಗಿರಲಿ. ನಡುವೆ ಸ್ವಲ್ಪ ತಗ್ಗಿರಲಿ, ನೀರು ದಂಡೆ ಬಿಟ್ಟು ನಡುವೆ ಬೀಳಲಿ. ಸಿಮೆಂಟ್ ಬೇಡ. ಹೀಗೆ ಮಾಡಿದರೆ ಹಳ್ಳದ ನೀರು ಮತ್ತೆ ಏರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಗದ್ದೆಯ ಕಡೆ ಒಡ್ಡು ಎತ್ತರಿಸಬೇಕು, ಹಳ್ಳದ ಅಂಚಿನಿಂದ ಸ್ವಲ್ಪ ಹಿಂದೆ ಸರಿಸಿ. ಕೆಳಗಿನ ಗದ್ದೆಯವರನ್ನೂ ಕರೆದುಕೊಂಡೇ ಗೆರೆ ಹಾಕಿ.

ಕೆಳಗಿನ ಗದ್ದೆಯವ: ಕರೆದರೆ ಬರುತ್ತೇನೆ.

ಜಾಂಬೋಟಿ ತೋಟದವರು: ಬಾ ತಮ್ಮಾ. ಮೇಡಂ ರೀ, ಒಂದು ತೊಂದರೆ ಇದೆ. ತೆಗೆದ ಕಲ್ಲಲ್ಲಿ ಅರ್ಧದಷ್ಟು ಕ್ರಷರ್‌ನವರು ಒಯ್ದರು. ದಂಡೆಯ ಮೇಲೆ ಸ್ವಲ್ಪ ಉಳಿದಿವೆ.

ಇಂಜಿನಿಯರ್ ಮೇಡಂ: ಉಳಿದಿದ್ದನ್ನು ಯಾರಿಗೂ ಕೊಡಬೇಡಿ. ಎರಡು ಅಡಿಗಿಂತ ದೊಡ್ಡವು ಎಷ್ಟಿವೆ ಎಣಿಸಿ ಕಳಿಸಿ. ಎಲ್ಲಾ ಸಾಲಿಗೂ ಸಾಲದಿದ್ದರೆ ಮೋರಿಗಿಂತ ಮೇಲುಗಡೆಯ ಮೊದಲ ಮೂರು ಸಾಲಿಗೆ ಬೇಕೇ ಬೇಕು.